ಕರೆಯನ್ನೂ ಮಾಡಬಲ್ಲ ಕಡಿಮೆ ಬೆಲೆಯ ಟ್ಯಾಬ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಟ್ಯಾಬ್‌ಗೆ ಸಿಮ್ ಹಾಕಲು ಜಾಗವಿದೆ ಎಂದ ಮಾತ್ರಕ್ಕೆ ಅದರಿಂದ ಫೋನ್ ಮಾಡಬಹುದು ಎಂದೇನೂ ಇಲ್ಲ. ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯೊಳಗಿನ ಆಂಡ್ರಾಯ್ಡ್ ಟ್ಯಾಬ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಅಡತಿ ಅಂಗಡಿಗೆ ಲೆಕ್ಕವೂ ಆಗಬೇಕು, ರೈತರ ಕರೆಯೂ ಬರಬೇಕು. ರಾಮದುರ್ಗದ ನೇಕಾರರು ಸೀರೆಯ ಅಂಚು, ಸೆರಗಿನ ಚಿತ್ರವನ್ನು ದೊಡ್ಡದಾಗಿ ತೋರಿಸಿ ಅದೇ ಸಾಧನದಲ್ಲಿ ವ್ಯಾಪಾರಿಯೊಂದಿಗೆ ಮಾತಾಡಬೇಕು. ಕಣ್ಣು ಮಂಜಾದ ಹಿರಿಯರಿಗೆ ದೊಡ್ಡ ಅಕ್ಷರ ಬೇಕು, ಮಕ್ಕಳ ಫೋನೂ ಅದರಲ್ಲೇ ಬರಬೇಕು. ಇವರೆಲ್ಲರ ಅಗತ್ಯ ನಿಜವಾದದ್ದು. ಆದರೆ ಡಬ್ಬಿಯ ಮೇಲಿನ ‘4ಜಿ’ ಎಂಬ ಅಕ್ಷರ ಇಂಟರ್‌ನೆಟ್‌ಗೆ ಮಾತ್ರ ಭರವಸೆ ಕೊಡುತ್ತದೆ, ಮಾತಿಗೆ ಕೊಡುವುದಿಲ್ಲ.

ಕರೆ ಮಾಡುವ ಟ್ಯಾಬ್ ಹೊಸದೇನಲ್ಲ. 2010ರಲ್ಲಿ ಭಾರತಕ್ಕೆ ಬಂದ ಸ್ಯಾಮ್‌ಸಂಗ್‌ನ ಏಳಿಂಚಿನ ಮೊದಲ ಗ್ಯಾಲಕ್ಸಿ ಟ್ಯಾಬ್‌ನಲ್ಲೇ ಕರೆಯ ಸೌಲಭ್ಯವಿತ್ತು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿತು. ಅದನ್ನು ತಯಾರಿಸಿದ ಡೇಟಾವಿಂಡ್ ಕಂಪನಿ ಅಂಗಡಿ ಮಾರಾಟಕ್ಕೆ ತಂದ ಯೂಬಿಸ್ಲೇಟ್‌ನಲ್ಲಿ ಸಿಮ್ ಹಾಕಿ ಮಾತಾಡಬಹುದಿತ್ತು. 2013ರಲ್ಲಿ ಬಂದ ಏಸಸ್ ಫೋನ್‌ಪ್ಯಾಡನ್ನು ಕಿವಿಗೇ ಹಿಡಿಯಬಹುದಿತ್ತು. ಆ ಕಾಲದ ಕರೆಗಳು 2ಜಿ, 3ಜಿ ಜಾಲದಲ್ಲಿ ಹೋಗುತ್ತಿದ್ದವು. ಈಗ ದಾರಿಯೇ ಬೇರೆಯಾಗಿದೆ, ತೊಡಕು ಹುಟ್ಟಿದ್ದೂ ಅಲ್ಲಿಂದಲೇ.

ಕರೆ ಹೋಗುವ ದಾರಿ

2ಜಿ ಮತ್ತು 3ಜಿಯಲ್ಲಿ ಮಾತಿಗೆಂದೇ ಪ್ರತ್ಯೇಕ ಮಾರ್ಗವಿತ್ತು. 4ಜಿಯಲ್ಲಿ ಅದಿಲ್ಲ, ಅಲ್ಲಿ ಹರಿಯುವುದೆಲ್ಲ ಡೇಟಾ. ಮಾತನ್ನೂ ಡೇಟಾ ತುಣುಕುಗಳಾಗಿ ಮಾಡಿ, ಉಳಿದ ಡೇಟಾಕ್ಕಿಂತ ಮೊದಲ ಆದ್ಯತೆ ಕೊಟ್ಟು ಕಳಿಸುವ ವ್ಯವಸ್ಥೆಗೆ ವಿಒಎಲ್‌ಟಿಇ ಎನ್ನುತ್ತಾರೆ. ಟ್ಯಾಬ್‌ನಲ್ಲಿ ಇದು ಇಲ್ಲದಿದ್ದರೆ ಕರೆಯ ಹೊತ್ತಿಗೆ ಅದು 4ಜಿ ಬಿಟ್ಟು 2ಜಿ ಅಥವಾ 3ಜಿಗೆ ಇಳಿಯಬೇಕು. ಇಳಿಯಲು ಆ ಕಂಪನಿಗೆ ಅಂಥ ಜಾಲ ಇರಬೇಕು. 2016ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಜಿಯೊಗೆ 2ಜಿ, 3ಜಿ ಎರಡೂ ಇಲ್ಲ. ಹೀಗಾಗಿ ವಿಒಎಲ್‌ಟಿಇ ಇಲ್ಲದ ಟ್ಯಾಬ್‌ನಲ್ಲಿ ಜಿಯೊ ಸಿಮ್ ಹಾಕಿದರೆ ವಿಡಿಯೊ ಸರಾಗವಾಗಿ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಏರ್‌ಟೆಲ್ ತನ್ನ 3ಜಿಯನ್ನು 2020ರ ಹೊತ್ತಿಗೆ ಮುಚ್ಚಿದೆ. ಅದರಲ್ಲಿ ಇಳಿಯಲು ಉಳಿದಿರುವುದು 2ಜಿ. ಕರೆ 2ಜಿಗೆ ಇಳಿದಾಗ ಇಂಟರ್‌ನೆಟ್ ನಿಲ್ಲುತ್ತದೆ ಅಥವಾ ತೆವಳುತ್ತದೆ.

ಎರಡನೆಯ ತಡೆ ತಯಾರಕರದ್ದು. ಒಳಗಿನ ಚಿಪ್‌ಗೆ ಮಾತಾಡುವ ಶಕ್ತಿ ಇದ್ದರೂ ಕಂಪನಿ ತಂತ್ರಾಂಶದಲ್ಲಿ ಅದನ್ನು ಮುಚ್ಚಿಟ್ಟಿರಬಹುದು. ಫೋನ್ ಆ್ಯಪನ್ನೇ ಕೊಡದಿರಬಹುದು. ಒಂದೇ ಹೆಸರಿನ ಟ್ಯಾಬ್ ಒಂದು ದೇಶದಲ್ಲಿ ಕರೆ ಮಾಡಿ ಇನ್ನೊಂದು ದೇಶದಲ್ಲಿ ಮಾಡದಿರುವುದು ಇದೇ ಕಾರಣಕ್ಕೆ. ಪ್ಲೇ ಸ್ಟೋರ್‌ನಿಂದ ಬೇರೊಂದು ಡಯಲರ್ ಆ್ಯಪ್ ಹಾಕಿಕೊಂಡರೆ ಈ ಬಾಗಿಲು ತೆರೆಯುವುದಿಲ್ಲ. ಆ್ಯಪ್ ಬರುತ್ತದೆ, ಅಂಕಿಗಳನ್ನು ಒತ್ತಬಹುದು, ಕರೆ ಹೋಗುವುದಿಲ್ಲ. ಆ್ಯಪಲ್‌ನ ಐಪ್ಯಾಡ್‌ನಲ್ಲಿ ಸಿಮ್ ಸೌಲಭ್ಯವಿರುವ ದುಬಾರಿ ಮಾದರಿಯೂ ಸಿಮ್‌ನ ಮಾಮೂಲಿ ಕರೆಯನ್ನು ತಾನಾಗಿ ಮಾಡುವುದಿಲ್ಲ. ಆದ್ದರಿಂದ ಬೆಲೆಯನ್ನು ನೋಡಿ ಈ ಗುಣವನ್ನು ಊಹಿಸಲಾಗದು.

ವಾಟ್ಸ್‌ಆ್ಯಪ್ ಕರೆ ಸಿಮ್‌ನ ಕರೆಗೆ ಪೂರ್ಣ ಬದಲಿಯಲ್ಲ. ಅದಕ್ಕೆ ಎರಡೂ ಕಡೆ ಇಂಟರ್‌ನೆಟ್ ಬೇಕು. ಸಾದಾ ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ ಅದರಿಂದ ಕರೆ ಹೋಗದು. ತುರ್ತು ಸಂಖ್ಯೆ 112ಕ್ಕಾಗಲಿ, ಆಂಬುಲೆನ್ಸ್‌ನ 108ಕ್ಕಾಗಲಿ ಅದರಿಂದ ಕರೆ ಮಾಡಲಾಗುವುದಿಲ್ಲ. ಸಿಮ್ ಬೇಕಾಗುವುದು ಕರೆಗಷ್ಟೇ ಅಲ್ಲ: ಯುಪಿಐ ಆ್ಯಪ್ ಮೊದಲ ಸಲ ನೋಂದಣಿಯಾಗುವಾಗ ಬ್ಯಾಂಕಿನಲ್ಲಿ ಕೊಟ್ಟ ಸಂಖ್ಯೆಯ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ವೈಫೈ ಮಾತ್ರ ಇರುವ ಟ್ಯಾಬ್‌ನಲ್ಲಿ ಆ ಕೆಲಸ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ.

ಗುಡ್ಡದ ಮರೆಯಲ್ಲಿ ಸಿಗ್ನಲ್

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡದ ಸಾಲನ್ನು ಸೀಳಿಕೊಂಡು ಹೋಗುತ್ತಾಳೆ; ಆ ಕಣಿವೆಗೆ ಅಡ್ಡಲಾಗಿಯೇ ಅಣೆಕಟ್ಟು ನಿಂತಿದೆ, ಹಿಂದೆ ರೇಣುಕಾಸಾಗರದ ನೀರು ಹರಡಿದೆ. ಇಂಥ ನೆಲದಲ್ಲಿ ಟವರ್ ಎಷ್ಟು ಹತ್ತಿರವಿದೆ ಎನ್ನುವುದಷ್ಟೇ ಮುಖ್ಯವಲ್ಲ, ನಡುವೆ ಗುಡ್ಡ ಇದೆಯೇ ಎನ್ನುವುದೂ ಮುಖ್ಯ. ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಅಡ್ಡಿಯನ್ನು ಸ್ವಲ್ಪ ಬಳಸಿಕೊಂಡು ದಾಟುತ್ತವೆ, ಗೋಡೆಯೊಳಗೂ ನುಗ್ಗುತ್ತವೆ. ಹೆಚ್ಚಿನ ಆವರ್ತನದವು ವೇಗ ಕೊಡುತ್ತವೆ, ಆದರೆ ಗುಡ್ಡದ ಮರೆಯಲ್ಲಿ ಬೇಗ ಸೋಲುತ್ತವೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಅಂಗಳದಲ್ಲಿ ಸಿಗುವ ರೇಂಜ್ ಪಡಸಾಲೆಯಲ್ಲಿ ಸಿಗದಿರುವುದಕ್ಕೂ ಇದೇ ಕಾರಣ.

ಪ್ರತಿ ಆವರ್ತನಕ್ಕೆ ಒಂದು ಬ್ಯಾಂಡ್ ಸಂಖ್ಯೆ ಇದೆ. ಜಿಯೊದ 4ಜಿ ಬ್ಯಾಂಡ್ 3, 5, 40ರಲ್ಲಿ ನಡೆಯುತ್ತದೆ. ಇವುಗಳಲ್ಲಿ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ದೂರ ತಲುಪುವಂಥದ್ದು. ಏರ್‌ಟೆಲ್ ಬ್ಯಾಂಡ್ 1, 3, 8, 40 ಬಳಸುತ್ತದೆ. 900 ಮೆಗಾಹರ್ಟ್ಸ್‌ನ ಬ್ಯಾಂಡ್ 8 ಅದರ ದೂರದ ಬ್ಯಾಂಡ್. ಸ್ವದೇಶಿ ತಂತ್ರಜ್ಞಾನದ ತನ್ನ 4ಜಿ ಜಾಲವನ್ನು 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಆರಂಭಿಸಿದ ಬಿಎಸ್‌ಎನ್‌ಎಲ್‌ಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100 ಮೆಗಾಹರ್ಟ್ಸ್‌ನ ಬ್ಯಾಂಡ್ 1 ಮುಖ್ಯ. ಹೊರದೇಶದಿಂದ ನೆಂಟರು ತಂದುಕೊಟ್ಟ ಟ್ಯಾಬ್‌ನಲ್ಲಿ ಈ ಸಂಖ್ಯೆಗಳಲ್ಲಿ ಕೆಲವು ಇಲ್ಲದಿದ್ದರೆ ಪೇಟೆಯಲ್ಲಿ ನಡೆದದ್ದು ಹೊಲದಲ್ಲಿ ನಡೆಯದು. ಬಿಎಸ್‌ಎನ್‌ಎಲ್ ನೆಚ್ಚಿಕೊಂಡವರು ಬ್ಯಾಂಡ್ 28 ಇಲ್ಲದ ಟ್ಯಾಬನ್ನು ಬಿಡುವುದೇ ಒಳ್ಳೆಯದು.

ಜಾತ್ರೆಯ ದಿನಗಳ ಸಂಗತಿ ಬೇರೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನಗುಡ್ಡದಲ್ಲಿ ಲಕ್ಷಾಂತರ ಜನ ಸೇರಿದಾಗ ಸಿಗ್ನಲ್‌ನ ಕಡ್ಡಿಗಳು ಪೂರ್ತಿ ಕಂಡರೂ ಕರೆ ಸಿಕ್ಕದಿರಬಹುದು. ಅಲೆ ತಲುಪುತ್ತಿದೆ, ಆದರೆ ಟವರ್‌ನ ಸಾಮರ್ಥ್ಯ ಮುಗಿದಿದೆ ಎಂದು ಅದರರ್ಥ. ಅಂಥ ದಿನದ ಅನುಭವದಿಂದ ಟ್ಯಾಬನ್ನೂ ಸಿಮ್ಮನ್ನೂ ಅಳೆಯಬಾರದು.

ಯಾವ ಕಂಪನಿಯ ಜಾಲ ಎಲ್ಲಿದೆ ಎಂಬ ನಕ್ಷೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ದೂರಸಂಪರ್ಕ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ 2025ರಿಂದ ಪ್ರಕಟಿಸುತ್ತಿವೆ. ನಕ್ಷೆ ಲೆಕ್ಕಾಚಾರದ ಅಂದಾಜು. ಮನೆಯ ಒಳಗೆ, ಹೊಲದ ಗುಡಿಸಲಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಯಾರದಾದರೂ ಫೋನಿನಲ್ಲಿ ಅದೇ ಕಂಪನಿಯ ಸಿಮ್ ಹಾಕಿ ಮಾತಾಡಿ ನೋಡುವುದು ಅದಕ್ಕಿಂತ ನಂಬಿಕೆಯ ದಾರಿ.

ಸಿಮ್ ಟ್ಯಾಬ್ ನಿಜವಾಗಿ ಬೇಕೆ?

ಸಿಮ್ ಇರುವ ಮಾದರಿಗೆ ವೈಫೈ ಮಾದರಿಗಿಂತ ಕೆಲವು ಸಾವಿರ ರೂಪಾಯಿ ಹೆಚ್ಚು ಬೀಳುತ್ತದೆ. ಅದರ ಮೇಲೆ ಇನ್ನೊಂದು ಸಿಮ್‌ನ ರಿಚಾರ್ಜ್ ವರ್ಷವಿಡೀ ಸೇರುತ್ತದೆ. ಜೇಬಿನಲ್ಲಿ ಈಗಾಗಲೇ ಒಳ್ಳೆಯ ಫೋನ್ ಇರುವವರು, ಮನೆಯಲ್ಲೇ ಟ್ಯಾಬ್ ಬಳಸುವವರು ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಟ್ಯಾಬ್ ಸೇರಿಸಿಕೊಂಡರೆ ಸಾಕು. ಸ್ಯಾಮ್‌ಸಂಗ್ ಫೋನ್ ಮತ್ತು ಸ್ಯಾಮ್‌ಸಂಗ್ ಟ್ಯಾಬ್ ಎರಡನ್ನೂ ಒಂದೇ ಖಾತೆಯಲ್ಲಿ ಜೋಡಿಸಿದರೆ ಫೋನಿಗೆ ಬಂದ ಕರೆಯನ್ನು ವೈಫೈ ಟ್ಯಾಬ್‌ನಲ್ಲೇ ಎತ್ತಿಕೊಳ್ಳುವ ಸೌಲಭ್ಯವೂ ಇದೆ. ಬೆಂಬಲಿಸುವ ಮಾದರಿಯೇ ಎಂದು ಮೊದಲು ನೋಡಬೇಕು.

ದಿನಕ್ಕೆ ಹತ್ತಾರು ಕರೆ ಮಾಡುವವರಿಗೆ ಟ್ಯಾಬ್ ಒಂದೇ ಸಾಲದು. ಅದು ಜೇಬಿಗೆ ಹೋಗದು, ಸಂತೆಯ ಗದ್ದಲದಲ್ಲಿ ಕಿವಿಗೆ ಹಿಡಿಯಲಾಗದು. ಅವರಿಗೆ ಅಗ್ಗದ ಕೀಪ್ಯಾಡ್ ಫೋನ್ ಒಂದು, ವೈಫೈ ಟ್ಯಾಬ್ ಒಂದು ಇಟ್ಟುಕೊಳ್ಳುವುದೇ ಸರಿಯಾದ ಹಂಚಿಕೆ. ಆದರೆ ಕೀಪ್ಯಾಡ್ ಫೋನ್‌ನಲ್ಲಿ ಹಾಟ್‌ಸ್ಪಾಟ್ ಇದೆಯೇ, ಇಲ್ಲವೇ ಮನೆಯಲ್ಲಿ ವೈಫೈ ಇದೆಯೇ ಎಂದು ಮೊದಲೇ ಯೋಚಿಸಬೇಕು. ಕರೆ ಅಪರೂಪ, ಓದು–ನೋಟ–ಲೆಕ್ಕ ಹೆಚ್ಚು, ಒಂದೇ ಸಾಧನ ಸಾಕು ಎನ್ನುವವರಿಗೆ ಮಾತ್ರ ಕರೆಯ ಟ್ಯಾಬ್ ನಿಜವಾಗಿ ಹೊಂದುತ್ತದೆ. ಒಂದೆಡೆ ಕೂತು ಮಾತಾಡುವ ಹಿರಿಯರು ಈ ಗುಂಪಿನ ಮೊದಲ ಸಾಲಿನವರು.

ಆಯ್ಕೆಯ ಹಂತಗಳು

1. ಮೊದಲು ಸಿಮ್, ಆಮೇಲೆ ಟ್ಯಾಬ್. ಮನೆಯಲ್ಲಿ, ಕೆಲಸದ ಜಾಗದಲ್ಲಿ ಯಾವ ಜಾಲ ಚೆನ್ನಾಗಿದೆ ಎಂದು ತಿಳಿದುಕೊಂಡು ಅದಕ್ಕೆ ಹೊಂದುವ ಟ್ಯಾಬ್ ಹುಡುಕಬೇಕು. ಜಾಲ ಜಿಯೊ ಆದರೆ ವಿಒಎಲ್‌ಟಿಇ ಇಲ್ಲದ ಯಾವ ಟ್ಯಾಬನ್ನೂ ಪರಿಗಣಿಸುವ ಅಗತ್ಯವಿಲ್ಲ.

2. ಮಾದರಿಯ ಪೂರ್ಣ ಸಂಖ್ಯೆ ಓದಬೇಕು, ಹೆಸರಲ್ಲ. ಒಂದೇ ಹೆಸರಿನಲ್ಲಿ ಎರಡು ಮೂರು ರೂಪಗಳು ಮಾರಾಟವಾಗುತ್ತವೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ರಲ್ಲಿ ಎಸ್‌ಎಂ-ಎಕ್ಸ್110 ವೈಫೈ ಮಾದರಿ, ಎಸ್‌ಎಂ-ಎಕ್ಸ್115 ಸಿಮ್ ಮಾದರಿ. ಎ9 ಪ್ಲಸ್‌ನಲ್ಲಿ ಎಕ್ಸ್210 ವೈಫೈ, ಎಕ್ಸ್216 5ಜಿ. ಕೊನೆಯ ಅಂಕಿ ಸೊನ್ನೆಯಾದರೆ ಈ ಸಾಲಿನಲ್ಲಿ ಸಿಮ್ ಇಲ್ಲ ಎಂದು ನೆನಪಿಟ್ಟುಕೊಳ್ಳಬಹುದು. ಲೆನೊವೊದ ಟ್ಯಾಬ್ ಎಂ9ರಲ್ಲಿ ಟಿಬಿ310ಎಫ್‌ಯು ವೈಫೈ, ಟಿಬಿ310ಎಕ್ಸ್‌ಯು ಸಿಮ್ ಮಾದರಿ. ಆನ್‌ಲೈನ್ ಪುಟದಲ್ಲಿ ಬಣ್ಣ ಬದಲಿಸಿದಾಗ ರೂಪವೂ ಬದಲಾಗಿಬಿಡುವುದುಂಟು; ಹಣ ಕಟ್ಟುವ ಮುನ್ನ ಸಂಖ್ಯೆಯನ್ನು ಮತ್ತೊಮ್ಮೆ ನೋಡಬೇಕು.

3. ತಯಾರಕರ ಭಾರತದ ಜಾಲತಾಣದಲ್ಲಿ ‘ವಾಯ್ಸ್ ಕಾಲಿಂಗ್’ ಎಂಬ ಸಾಲು ಇದೆಯೇ ನೋಡಬೇಕು. ‘4ಜಿ’, ‘ಎಲ್‌ಟಿಇ’, ‘ಸೆಲ್ಯುಲರ್’ ಎಂಬ ಪದಗಳು ಅದಕ್ಕೆ ಸಾಟಿಯಲ್ಲ. ಸಾಲು ಕಾಣದಿದ್ದರೆ ಕಂಪನಿಯ ಸಹಾಯವಾಣಿಗೆ ಮಾದರಿ ಸಂಖ್ಯೆ ಹೇಳಿ ಕೇಳಿ, ಸಾಧ್ಯವಾದರೆ ಉತ್ತರವನ್ನು ಚಾಟ್ ಅಥವಾ ಮೇಲ್‌ನಲ್ಲಿ ಬರಹವಾಗಿ ಪಡೆಯಬೇಕು. ಮುಂದೆ ತಕರಾರು ಎದ್ದರೆ ಅದೇ ಸಾಕ್ಷಿ.

4. ಗಾತ್ರವನ್ನು ಕೈಯಲ್ಲಿ ಹಿಡಿದು ತೀರ್ಮಾನಿಸಬೇಕು. 8.7 ಇಂಚಿನ ಟ್ಯಾಬ್ ಎ9 ಸುಮಾರು 330 ಗ್ರಾಂ. 11 ಇಂಚಿನ ಎ9 ಪ್ಲಸ್ ಅರ್ಧ ಕಿಲೋಗೆ ಹತ್ತಿರ. ಕರೆಯೂ ಬೇಕೆಂದರೆ ಎಂಟು–ಒಂಬತ್ತು ಇಂಚಿನ ಆಸುಪಾಸಿನದೇ ಉತ್ತಮ. ಕೈಚೀಲದಲ್ಲಿ ಹಿಡಿಯುತ್ತದೆ, ಬಸ್ಸಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಕರೆ ಎತ್ತಬಹುದು. ಹನ್ನೊಂದು ಇಂಚಿನದು ಓದುವ ವಿದ್ಯಾರ್ಥಿಗೆ, ವಿನ್ಯಾಸ ತೋರಿಸುವ ನೇಕಾರರಿಗೆ.

5. ಧ್ವನಿಯ ವ್ಯವಸ್ಥೆ ಗಮನಿಸಬೇಕು. ಬಹುಪಾಲು ಟ್ಯಾಬ್‌ಗಳಲ್ಲಿ ಕಿವಿಗೆ ಹಿಡಿಯುವ ಸಣ್ಣ ಸ್ಪೀಕರ್ ಇರುವುದಿಲ್ಲ. ಕರೆ ದೊಡ್ಡ ಸ್ಪೀಕರ್‌ನಲ್ಲಿ ಬರುತ್ತದೆ. ಸುತ್ತ ಕೂತವರಿಗೆಲ್ಲ ಕೇಳುತ್ತದೆ. ಹಣಕಾಸಿನ, ಆರೋಗ್ಯದ ಮಾತು ಹಾಗೆ ಕೇಳಿಸಬಾರದು. 3.5 ಮಿಲಿಮೀಟರ್ ಹೆಡ್‌ಫೋನ್ ತೂತು ಇದ್ದರೆ ಮೈಕ್ ಇರುವ ಅಗ್ಗದ ಇಯರ್‌ಫೋನ್ ಸಾಕಾಗುತ್ತದೆ. ಇಲ್ಲದಿದ್ದರೆ ಬ್ಲೂಟೂತ್ ಸಾಧನದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಲವು ಅಗ್ಗದ ಟ್ಯಾಬ್‌ಗಳಲ್ಲಿ ಕಂಪನದ ಮೋಟರ್ ಕೂಡ ಇಲ್ಲ. ರಿಂಗ್ ಮುಚ್ಚಿಟ್ಟರೆ ಕರೆ ಬಂದದ್ದೇ ತಿಳಿಯುವುದಿಲ್ಲ.

6. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಕ್ಕಿಂತ ಕೆಳಗೆ ಇಳಿಯಬಾರದು. ರ‍್ಯಾಮ್ ಕಡಿಮೆಯಾದರೆ ಹಿನ್ನೆಲೆಯ ಆ್ಯಪ್‌ಗಳು ಮತ್ತೆಮತ್ತೆ ಮುಚ್ಚಿಹೋಗುತ್ತವೆ, ಫೋನ್ ಪರದೆ ತೆರೆಯುವುದು ತಡವಾಗಿ ಕರೆ ಕೈತಪ್ಪಬಹುದು. ‘ವರ್ಚುವಲ್ ರ‍್ಯಾಮ್’ ಸೇರಿಸಿ ಹೇಳುವ ಸಂಖ್ಯೆ ಸಂಗ್ರಹದ ಒಂದು ಭಾಗವನ್ನು ಎರವಲು ತೆಗೆದುಕೊಂಡದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

7. ಬ್ಯಾಟರಿ 5000 ಎಂಎಎಚ್‌ಗಿಂತ ಕಡಿಮೆ ಇರಬಾರದು. ಸಿಗ್ನಲ್ ದುರ್ಬಲವಾದಲ್ಲಿ ಟ್ಯಾಬ್ ಟವರನ್ನು ಮುಟ್ಟಲು ಹೆಚ್ಚು ಶಕ್ತಿ ವ್ಯಯಿಸುತ್ತದೆ. ಗುಡ್ಡದ ಮರೆಯ ಊರಿನಲ್ಲಿ ಅದೇ ಬ್ಯಾಟರಿ ಪೇಟೆಯಲ್ಲಿ ಬಂದಷ್ಟು ಹೊತ್ತು ಬರುವುದಿಲ್ಲ. ಕರೆಂಟು ಹೋಗಿಬರುವ ಕಡೆ ಇದು ದೊಡ್ಡ ಸಂಗತಿ. ರೆಡ್ಮಿ ಪ್ಯಾಡ್ ಎಸ್‌ಇ 4ಜಿಯಂತಹ 8.7 ಇಂಚಿನ ಮಾದರಿಗಳಲ್ಲಿ 6650 ಎಂಎಎಚ್ ಸಿಗುತ್ತದೆ.

8. ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ ಎಂದು ಕೇಳಬೇಕು. ಬ್ಯಾಂಕ್ ಆ್ಯಪ್‌ಗಳು ಹಳೆಯ ಆಂಡ್ರಾಯ್ಡನ್ನು ಒಂದೊಂದಾಗಿ ಕೈಬಿಡುತ್ತವೆ. ಈ ಒಂದು ಕಾರಣಕ್ಕೇ ಹೆಸರಿಲ್ಲದ ಕಂಪನಿಯ ಅಗ್ಗದ ಟ್ಯಾಬ್ ಕೊನೆಗೆ ದುಬಾರಿಯಾಗುತ್ತದೆ.

ಕರೆಗಾಗಿಯೇ 5ಜಿ ಮಾದರಿಗೆ ಹೆಚ್ಚು ಹಣ ಕೊಡಬೇಕಿಲ್ಲ. 5ಜಿ ಜಾಲದಲ್ಲಿದ್ದಾಗಲೂ ಕರೆ ಹೆಚ್ಚಾಗಿ 4ಜಿಯ ವಿಒಎಲ್‌ಟಿಇ ಮೇಲೆಯೇ ನಡೆಯುತ್ತದೆ.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ

ಆನ್‌ಲೈನ್‌ಗಿಂತ ಸವದತ್ತಿ, ಬೈಲಹೊಂಗಲದ ಅಂಗಡಿಯಲ್ಲಿ ಐನೂರು ರೂಪಾಯಿ ಹೆಚ್ಚಾದರೂ ಸ್ವಂತ ಸಿಮ್ ಹಾಕಿ ನೋಡುವ ಅವಕಾಶಕ್ಕೆ ಅಷ್ಟು ಬೆಲೆ ಇದೆ. ಪರೀಕ್ಷೆಗೆ ಹತ್ತು ನಿಮಿಷ ಸಾಕು.

1. ಸ್ವಂತ ಸಿಮ್ ಹಾಕಿ, ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್ ಭಾಗದಲ್ಲಿ ವಿಒಎಲ್‌ಟಿಇ ಆಯ್ಕೆ ಇದೆಯೇ, ತೆರೆದಿದೆಯೇ ನೋಡಬೇಕು.

2. ಬೇರೆ ಕಂಪನಿಯ ಒಂದು ಸಂಖ್ಯೆಗೆ ಕರೆ ಮಾಡಬೇಕು. ಮಾತಾಡುತ್ತಿರುವಾಗ ಮೇಲಿನ ಪಟ್ಟಿಯಲ್ಲಿ 4ಜಿ ಉಳಿದಿದೆಯೇ, 2ಜಿಗೆ ಇಳಿಯಿತೇ ಎಂದು ಗಮನಿಸಬೇಕು.

3. ಟ್ಯಾಬ್ ಲಾಕ್ ಮಾಡಿ ಕೆಳಗಿಟ್ಟು, ಹೊರಗಿನಿಂದ ಕರೆ ಬರುವಂತೆ ಮಾಡಬೇಕು. ಕರೆ ಹೋಗುತ್ತದೆ, ಆದರೆ ಬಂದಾಗ ಪರದೆ ಏಳುವುದಿಲ್ಲ ಎಂಬ ದೋಷ ಈ ಹಂತದಲ್ಲಿ ಸಿಕ್ಕಿಬೀಳುತ್ತದೆ.

4. ಒಂದು ಎಸ್‌ಎಂಎಸ್ ಕಳಿಸಿ, ಒಂದನ್ನು ತರಿಸಿಕೊಳ್ಳಬೇಕು. ಕೆಲವು ಟ್ಯಾಬ್‌ಗಳು ಎಸ್‌ಎಂಎಸ್ ಪಡೆಯುತ್ತವೆ, ಕರೆ ಮಾಡುವುದಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ನಂಬಬಾರದು.

5. ಇಯರ್‌ಫೋನ್ ಹಾಕಿ, ಅದರ ಮೈಕ್‌ನಿಂದ ಮಾತು ಆಚೆಯವರಿಗೆ ಕೇಳುತ್ತದೆಯೇ ವಿಚಾರಿಸಬೇಕು.

6. *#06# ಒತ್ತಿದಾಗ ಬರುವ ಸಾಧನದ 15 ಅಂಕಿಯ ಗುರುತಿನ ಸಂಖ್ಯೆ ಐಎಂಇಐ, ಡಬ್ಬಿಯ ಮೇಲಿನದು ಮತ್ತು ಬಿಲ್‌ನಲ್ಲಿರುವುದು ಮೂರೂ ಒಂದೇ ಆಗಿರಬೇಕು.

7. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇ ಪ್ರೊಟೆಕ್ಟ್’ ಪ್ರಮಾಣೀಕರಣ ಇದೆಯೇ ನೋಡಬೇಕು. ಅದಿಲ್ಲದ ಟ್ಯಾಬ್‌ನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್‌ಗಳು ಕೈಕೊಡುವ ಸಂಭವ ಹೆಚ್ಚು. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಆರ್ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು.

ಸಾಮಾನ್ಯ ತಪ್ಪುಗಳು

ಅತ್ಯಂತ ಸಾಮಾನ್ಯವಾದದ್ದು ಹಳೆಯ ಟ್ಯಾಬ್ ಕೊಳ್ಳುವುದು. ‘ಕಾಲಿಂಗ್ ಟ್ಯಾಬ್’ ಎಂದು ಕೈಬದಲಾಗುವ 3ಜಿ ಕಾಲದ ಸಾಧನಗಳು ಸುಳ್ಳು ಹೇಳುತ್ತಿಲ್ಲ. ಅವು ಮಾತಾಡುತ್ತಿದ್ದ 3ಜಿ ಜಾಲವೇ ಬಹುತೇಕ ಇಲ್ಲವಾಗಿದೆ. ಜಿಯೊದಲ್ಲಿ ಅವು ನಡೆಯುವುದೇ ಇಲ್ಲ.

ಸಿಮ್‌ನ ಯೋಜನೆಯನ್ನು ಮರೆಯುವುದು ಇನ್ನೊಂದು. ಬರೀ ಡೇಟಾ ಕೊಡುವ ಪ್ಯಾಕ್ ಹಾಕಿದ ಸಿಮ್‌ನಲ್ಲಿ ಕರೆ ಹೋಗದಿದ್ದರೆ ಟ್ಯಾಬ್‌ನ ತಪ್ಪಲ್ಲ. ಇದಕ್ಕೆ ತಿರುಗುಮುರುಗಾದ ಅನುಕೂಲವೂ ಇದೆ: ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಮಾಡಿದ ತಿದ್ದುಪಡಿಯಂತೆ ಕಂಪನಿಗಳು ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕನ್ನೂ ಕೊಡಬೇಕು. ಮನೆಯಲ್ಲಿ ವೈಫೈ ಇರುವ ಹಿರಿಯರ ಟ್ಯಾಬ್‌ಗೆ ಅಂಥ ಪ್ಯಾಕ್ ಸಾಕು, ಡೇಟಾದ ಹಣ ಉಳಿಯುತ್ತದೆ.

ಫೋನಿನ ಸಿಮ್ಮನ್ನು ತೆಗೆದು ಟ್ಯಾಬ್‌ಗೆ ಹಾಕಿದ ಕೂಡಲೇ ಎಲ್ಲವೂ ಅದರ ಜೊತೆ ಬರುತ್ತದೆ ಎಂದುಕೊಳ್ಳುವುದೂ ತಪ್ಪು. ಯುಪಿಐ ಆ್ಯಪ್‌ಗಳು ಸಾಧನ ಬದಲಾದರೆ ಮತ್ತೆ ನೋಂದಣಿ ಕೇಳುತ್ತವೆ. ಸಂತೆಯ ದಿನ ಸಿಮ್ ಬದಲಿಸಿ ಹಣ ಕಳಿಸಲಾಗದೆ ನಿಲ್ಲುವುದಕ್ಕಿಂತ, ಬಿಡುವಿನ ದಿನ ಮನೆಯಲ್ಲಿ ಕೂತು ಇದನ್ನು ಮಾಡಿಕೊಳ್ಳಬೇಕು.

ಸರ್ಕಾರ ಕೊಟ್ಟ ಟ್ಯಾಬನ್ನೂ ಹೀಗೇ ಪರೀಕ್ಷಿಸದೆ ನಂಬಬಾರದು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿದ್ದು ಓದಿಗಾಗಿ. ಅಂಥ ಸಾಧನ ಮನೆಯಲ್ಲಿದ್ದರೆ ಹೊಸದು ಕೊಳ್ಳುವ ಮುನ್ನ ಅದರಲ್ಲೇ ಸಿಮ್ ಜಾಗವಿದೆಯೇ, ಕರೆ ಹೋಗುತ್ತದೆಯೇ ಎಂದು ಮೇಲಿನ ಹಂತಗಳಲ್ಲಿ ನೋಡುವುದು ಜಾಣತನ.

ಎಚ್ಚರಿಕೆಗಳು

ಬಳಸಿದ ಟ್ಯಾಬ್ ಕೊಳ್ಳುವವರು ಹಣ ಕೊಡುವ ಮೊದಲು ಐಎಂಇಐ ಪರಿಶೀಲಿಸಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ‘ಕೆವೈಎಂ’ ಎಂದು ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಸಂಖ್ಯೆ ಯಾವ ಮಾದರಿಯದು, ತಡೆಹಿಡಿಯಲ್ಪಟ್ಟಿದೆಯೇ ಎಂಬ ಉತ್ತರ ಬರುತ್ತದೆ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲೂ ಇದೇ ಸೌಲಭ್ಯವಿದೆ. ಕದ್ದ ಸಾಧನವನ್ನು ತಿಳಿಯದೆ ಕೊಂಡರೂ ಕೈಯಲ್ಲಿ ಉಳಿಯುವುದಿಲ್ಲ, ಕೊಟ್ಟ ಹಣವೂ ಹೋಗುತ್ತದೆ. ಡಬ್ಬಿ, ಮೂಲ ಬಿಲ್ ಎರಡೂ ಇಲ್ಲದ ಟ್ಯಾಬನ್ನು ಎಷ್ಟೇ ಅಗ್ಗವಾದರೂ ಬಿಡಬೇಕು.

ಹೊಸದು ಕೊಂಡಾಗ ಬಿಲ್‌ನಲ್ಲಿ ಮಾದರಿ ಸಂಖ್ಯೆ, ಐಎಂಇಐ, ಜಿಎಸ್‌ಟಿ ಸಂಖ್ಯೆ ಬರೆಸಬೇಕು. ಚೀಟಿಯಲ್ಲಿ ‘ಟ್ಯಾಬ್ ಒಂದು’ ಎಂದಷ್ಟೇ ಬರೆದುಕೊಟ್ಟದ್ದು ಬಿಲ್ ಅಲ್ಲ. ‘ಕರೆ ಸೌಲಭ್ಯವಿದೆ’ ಎಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬಿಲ್‌ನ ಮೇಲೇ ಒಂದು ಸಾಲಾಗಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಣ ವಾಪಸ್ ಬರುತ್ತದೆಯೇ, ಬದಲಿ ಟ್ಯಾಬ್ ಮಾತ್ರ ಕೊಡುತ್ತಾರೆಯೇ ಎಂಬ ಷರತ್ತನ್ನು ಮೊದಲೇ ಓದಬೇಕು. ಡಬ್ಬಿ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಬೇಕು.

ಟ್ಯಾಬ್ ಕಳುವಾದರೆ ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಸಂಚಾರ ಸಾಥಿಯಲ್ಲಿ ಐಎಂಇಐ ತಡೆಹಿಡಿಯಲು ಕೋರಬಹುದು. ಆಮೇಲೆ ಆ ಸಾಧನ ದೇಶದ ಯಾವ ಜಾಲದಲ್ಲೂ ನಡೆಯದು. ಸಿಮ್ಮನ್ನು ಅದಕ್ಕೂ ಮೊದಲೇ ಕಂಪನಿಗೆ ಹೇಳಿ ನಿಲ್ಲಿಸಬೇಕು, ಒಟಿಪಿಗಳು ಬರುವುದು ಅದಕ್ಕೇ. ಕರೆ ಬರುತ್ತದೆಂದು ಹೇಳಿ ಬಾರದ ಟ್ಯಾಬ್ ಮಾರಿದವರು ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಾಟಗಾರ ಎಲ್ಲಿಯವನಾದರೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ ಎರಡು ವರ್ಷದ ಕಾಲಾವಕಾಶವಿದೆ.